ವಿಷದ ವ್ಯಾಪಾರ, ಅರಿವಿನ ಹೊಣೆ

ಕ್ರಿ.ಶ. 1858, ಅಕ್ಟೋಬರ್ 30, ಶನಿವಾರ. ಇಂಗ್ಲೆಂಡಿನ ಯಾರ್ಕ್‌ಷೈರ್ ಸೀಮೆಯ ಬ್ರಾಡ್‌ಫರ್ಡ್ ಪಟ್ಟಣದಲ್ಲಿ ಸಂತೆ ನೆರೆದಿತ್ತು. ಉಣ್ಣೆಯ ಗಿರಣಿಗಳಲ್ಲಿ ವಾರವಿಡೀ ದುಡಿದ ಜನ ಮನೆಗೆ ಬೇಕಾದುದನ್ನು ಕೊಂಡು, ಉಳಿದ ಚಿಲ್ಲರೆಯಲ್ಲಿ ಮಕ್ಕಳಿಗೆಂದು ಒಂದಿಷ್ಟು ಪೆಪ್ಪರಮಿಂಟು ಕಟ್ಟಿಸಿಕೊಂಡು ಹೋದರು. ವಿಲಿಯಂ ಹಾರ್ಡೇಕರ್ ಎಂಬ ಸಂತೆಯ ವ್ಯಾಪಾರಿ ಅಂದು ಐದು ಪೌಂಡಿನಷ್ಟು ಪೆಪ್ಪರಮಿಂಟು ಮಾರಿದ. ಮರುದಿನ ಊರಿನಲ್ಲಿ ಇಬ್ಬರು ಬಾಲಕರು ತೀರಿಕೊಂಡರು. ಕಾಲರಾ ಇರಬಹುದೆಂದು ವೈದ್ಯರು ಮೊದಲು ಶಂಕಿಸಿದರು. ಆದರೆ ಒಂದೊಂದೇ ಮನೆಯಿಂದ ಅದೇ ವಾಂತಿ, ಅದೇ ಹೊಟ್ಟೆಯ ಉರಿ, ಅದೇ ಸಾವಿನ ಸುದ್ದಿ ಬರತೊಡಗಿತು. ಆ ಮನೆಗಳಲ್ಲೆಲ್ಲ ಸಂತೆಯಿಂದ ತಂದ ಆ ಮಿಠಾಯಿ ಇತ್ತು. ರಸಾಯನಜ್ಞ ಫೆಲಿಕ್ಸ್ ರಿಮಿಂಗ್ಟನ್ ಅದನ್ನು ಪರೀಕ್ಷಿಸಿದಾಗ ಪಾಷಾಣ ಸಿಕ್ಕಿತು. ಮಾರದೆ ಉಳಿದ ಸರಕನ್ನು ವಶಪಡಿಸಿಕೊಂಡು ಜನರನ್ನು ಎಚ್ಚರಿಸುವಷ್ಟರಲ್ಲಿ ಅನಾಹುತ ಕೈಮೀರಿತ್ತು. ಸುಮಾರು 20 ಮಂದಿ ಸತ್ತರು. 200ಕ್ಕೂ ಹೆಚ್ಚು ಮಂದಿ ಹಾಸಿಗೆ ಹಿಡಿದರು. ಸತ್ತವರಲ್ಲಿ ಹೆಚ್ಚಿನವರು ಮಕ್ಕಳು.

ಪಾಷಾಣ ಮಿಠಾಯಿಗೆ ಬಂದ ದಾರಿಯನ್ನು ವಿಚಾರಣೆ ಬಯಲಿಗೆಳೆಯಿತು. ಆ ಕಾಲದಲ್ಲಿ ಸಕ್ಕರೆ ದುಬಾರಿ. ಅದರ ಮೇಲೆ ಸರ್ಕಾರದ ಸುಂಕವೂ ಇತ್ತು. ಆದ್ದರಿಂದ ಮಿಠಾಯಿ ತಯಾರಿಸುವವರು ಸಕ್ಕರೆಯ ಪಾಲನ್ನು ಕಡಿಮೆ ಮಾಡಿ ಜಿಪ್ಸಮ್ಮಿನ ಪುಡಿ ಬೆರೆಸುತ್ತಿದ್ದರು. ಅದಕ್ಕೆ ‘ಡ್ಯಾಫ್’ ಎಂಬ ಗುಟ್ಟಿನ ಹೆಸರಿತ್ತು. ಹಾರ್ಡೇಕರನಿಗೆ ಸರಕು ಒದಗಿಸುತ್ತಿದ್ದ ಜೋಸೆಫ್ ನೀಲ್ ಎಂಬ ಮಿಠಾಯಿಗಾರ, ತನ್ನ ಮನೆಯಲ್ಲಿ ಬಾಡಿಗೆಗಿದ್ದವನೊಬ್ಬನನ್ನು ಡ್ಯಾಫ್ ತರಲು ಶಿಪ್ಲಿಯ ಔಷಧಿ ವ್ಯಾಪಾರಿ ಚಾರ್ಲ್ಸ್ ಹಾಡ್ಜ್‌ಸನ್ನನಲ್ಲಿಗೆ ಕಳಿಸಿದ್ದ. ಹಾಡ್ಜ್‌ಸನ್ ಅಂದು ಕಾಯಿಲೆ ಬಿದ್ದಿದ್ದ. ಅಟ್ಟದ ಮೂಲೆಯ ಪೀಪಾಯಿಯಲ್ಲಿದೆ ಎಂದು ಅವನು ಹೇಳಿದ ಮಾತಿನ ಮೇಲೆ ಅಂಗಡಿಯ ಹುಡುಗ ಪಕ್ಕದ ಪೀಪಾಯಿಗೆ ಕೈ ಹಾಕಿ 12 ಪೌಂಡು ಬಿಳಿಯ ಪುಡಿ ತೂಗಿ ಕೊಟ್ಟ. ಅದೇ ಪಾಷಾಣ. ಮಿಠಾಯಿ ಒಣಗಲು ಎಂದಿಗಿಂತ ಹೆಚ್ಚು ಹೊತ್ತು ಹಿಡಿಯಿತು, ಬಣ್ಣವೂ ಮಾಮೂಲಿನಂತಿರಲಿಲ್ಲ. ಹಾರ್ಡೇಕರ್ ಅದನ್ನು ಗಮನಿಸಿ, ದರದಲ್ಲಿ ಸ್ವಲ್ಪ ಇಳಿಸಿಕೊಂಡು ಕೊಂಡ. ರುಚಿ ನೋಡಿದ ಅವನೂ ಕಾಯಿಲೆ ಬಿದ್ದ.

ಹಾಡ್ಜ್‌ಸನ್, ಅವನ ಸಹಾಯಕ, ನೀಲ್ — ಮೂವರ ಮೇಲೂ ನರಹತ್ಯೆಯ ಆರೋಪ ಬಂತು. ಹಾಡ್ಜ್‌ಸನ್ನನ ಮೊಕದ್ದಮೆ ಯಾರ್ಕ್ ನಗರದ ನ್ಯಾಯಸ್ಥಾನದವರೆಗೆ ಹೋಯಿತು. ಡಿಸೆಂಬರ್ ತಿಂಗಳಲ್ಲಿ ಅವನ ಖುಲಾಸೆಯಾಯಿತು. ಉಳಿದಿಬ್ಬರೂ ಶಿಕ್ಷೆಯಿಲ್ಲದೆ ಹೊರಬಂದರು. ಅದು ಪಾಷಾಣವೆಂದು ಅವರಲ್ಲಿ ಒಬ್ಬನಿಗೂ ತಿಳಿದಿರಲಿಲ್ಲ. ಜಿಪ್ಸಂ ಬೆರೆಸುತ್ತಿದ್ದೇನೆಂಬುದು ನೀಲನಿಗೆ ಚೆನ್ನಾಗಿ ತಿಳಿದಿತ್ತು. ಆದರೆ ಹಾಗೆ ಬೆರೆಸುವುದನ್ನು ಅಪರಾಧವೆನ್ನುವ ಕಾನೂನು ಆ ದೇಶದಲ್ಲಿರಲಿಲ್ಲ.

ಅನ್ನದಲ್ಲೂ ಔಷಧಿಯಲ್ಲೂ ವಿಷ ಮಾರುವವನನ್ನು ದಂಡಿಸಬೇಕಾದರೆ ಅವನಿಗೆ ಏನು ತಿಳಿದಿತ್ತೆಂಬುದನ್ನು ಎಷ್ಟರಮಟ್ಟಿಗೆ ಲೆಕ್ಕಕ್ಕೆ ತೆಗೆದುಕೊಳ್ಳಬೇಕು? ಈ ಪ್ರಶ್ನೆ ಅಂದಿನ ಸಮಾಜವನ್ನು ಬಹುಕಾಲ ಕಾಡಿತು. 1820ರ ಮೊದಲ ಎಚ್ಚರಿಕೆಯಿಂದ ಎಣಿಸಿದರೆ, ಅದಕ್ಕೆ ಉತ್ತರ ಕಂಡುಕೊಳ್ಳಲು ಇಂಗ್ಲೆಂಡಿಗೆ ಅರ್ಧ ಶತಮಾನಕ್ಕೂ ಹೆಚ್ಚು ಹಿಡಿಯಿತು. ಭಾರತಕ್ಕೆ ಅದಕ್ಕಿಂತ ಹೆಚ್ಚು ಕಾಲ ಬೇಕಾಯಿತು.

ಮೊದಲ ಎಚ್ಚರಿಕೆ

ಬ್ರಾಡ್‌ಫರ್ಡಿನ ದುರಂತಕ್ಕೆ 38 ವರ್ಷ ಮೊದಲೇ ಒಬ್ಬ ಪರದೇಶಿ ಲಂಡನ್ನಿನ ಜನರನ್ನು ಎಚ್ಚರಿಸಿದ್ದ. ಅವನ ಹೆಸರು ಫ್ರೆಡರಿಕ್ ಆಕ್ಕಮ್. ಜರ್ಮನಿಯ ಬ್ಯೂಕೆಬುರ್ಗ್ ಊರಿನಿಂದ 1793ರಲ್ಲಿ ಲಂಡನ್ನಿಗೆ ಬಂದು, ರಸಾಯನಶಾಸ್ತ್ರವನ್ನು ಸಾಮಾನ್ಯರಿಗೆ ತಿಳಿಯುವಂತೆ ಬೋಧಿಸಿ ಹೆಸರಾದವನು. ಆಹಾರದ ಕಲಬೆರಕೆಯನ್ನೂ ಅಡುಗೆಮನೆಯ ವಿಷಗಳನ್ನೂ ಕುರಿತ ಅವನ ಗ್ರಂಥ 1820ರಲ್ಲಿ ಹೊರಬಂದಿತು. ಒಂದೇ ತಿಂಗಳಲ್ಲಿ ಸಾವಿರ ಪ್ರತಿ ಮಾರಾಟವಾದವು.

ಆಕ್ಕಮ್ ಬರೆದದ್ದನ್ನು ಓದಿದವರು ಊಟದ ತಟ್ಟೆಯ ಮುಂದೆ ಹಿಂಜರಿದಿರಬೇಕು. ಉಪ್ಪಿನಕಾಯಿಗೆ ಹಸಿರು ಹೊಳಪು ಬರಲೆಂದು ತಾಮ್ರದ ವಿಷ. ಚೀಸಿನ ಕೆಂಪಿಗೆ ಸೀಸದ ಸಿಂಧೂರ. ಬ್ರೆಡ್ಡಿನ ಬಿಳುಪಿಗೆ ಪಟಿಕ. ಚಹಾದ ಹೆಸರಿನಲ್ಲಿ ಬೇಲಿಯ ಮುಳ್ಳುಗಿಡದ ಎಲೆ. ಬಿಯರಿನ ಅಮಲೇರಿಸಲು ಬಳಸುತ್ತಿದ್ದ ವಸ್ತು ಬಂದದ್ದು ನಮ್ಮ ಕಡೆಯಿಂದ. ಅದು ಕಾಕಮಾರಿ ಬೀಜ. ಪಶ್ಚಿಮಘಟ್ಟದ ಕಾಡುಬಳ್ಳಿಯ ಈ ಬೀಜವನ್ನು ಅರೆದು ಹೊಳೆಯ ಮಡುವಿಗೆ ಹಾಕಿದರೆ ಮೀನು ಮತ್ತೇರಿ ತೇಲುತ್ತದೆ. ಮಲಬಾರಿನ ಬಂದರುಗಳಿಂದ ಹಡಗೇರಿದ ಆ ಬೀಜ ಲಂಡನ್ನಿನ ಬಿಯರ್ ಪೀಪಾಯಿಗಳನ್ನು ಸೇರುತ್ತಿತ್ತು. 1816ರ ಕಾಯಿದೆಯೊಂದು ಅದನ್ನು ನಿಷೇಧಿಸಿ, ಬಳಸಿದ ಬಿಯರ್ ತಯಾರಕನಿಗೆ 200 ಪೌಂಡು, ಅವನಿಗೆ ಮಾರಿದ ಔಷಧಿ ವ್ಯಾಪಾರಿಗೆ 500 ಪೌಂಡು ದಂಡ ವಿಧಿಸಿತ್ತು. ಆ ದೊಡ್ಡ ದಂಡದ ಹಿಂದೆ ಅಬಕಾರಿ ತೆರಿಗೆಯ ರಕ್ಷಣೆಯ ಉದ್ದೇಶವೂ ಇತ್ತು. ಸರ್ಕಾರದ ಬೊಕ್ಕಸಕ್ಕೆ ನಷ್ಟ ತರುವ ಕಲಬೆರಕೆಗೆ ಕಾವಲುಗಾರರಿದ್ದರು. ಜನರ ಹೊಟ್ಟೆಗೆ ಹಾನಿ ತರುವ ಕಲಬೆರಕೆಗೆ ಇರಲಿಲ್ಲ.

ಆಕ್ಕಮ್ ತನ್ನ ಗ್ರಂಥದಲ್ಲಿ, ಶಿಕ್ಷೆಗೆ ಒಳಗಾದ ವ್ಯಾಪಾರಿಗಳ ಹೆಸರುಗಳನ್ನು ಅಚ್ಚು ಹಾಕಿಸಿದ್ದ. ಅದರಿಂದ ಅವನಿಗೆ ಶತ್ರುಗಳು ಹುಟ್ಟಿಕೊಂಡರು. ಅದೇ ವರ್ಷದ ಕೊನೆಯಲ್ಲಿ, ರಾಯಲ್ ಇನ್‌ಸ್ಟಿಟ್ಯೂಷನ್ನಿನ ಗ್ರಂಥಾಲಯದ ಪುಸ್ತಕಗಳಿಂದ ಹಾಳೆ ಹರಿದನೆಂಬ ಆರೋಪ ಅವನ ಮೇಲೆ ಬಂತು. ಅವಮಾನದಿಂದ ನೊಂದ ಆಕ್ಕಮ್ 1821ರಲ್ಲಿ ದೇಶ ಬಿಟ್ಟು ಬರ್ಲಿನ್ ಸೇರಿದ. ಅವನು ಎತ್ತಿದ್ದ ದನಿ ಮೂವತ್ತು ವರ್ಷ ಅಡಗಿಹೋಯಿತು.

ಸೂಕ್ಷ್ಮದರ್ಶಕದ ಸಾಕ್ಷಿ

ಆ ದನಿಗೆ ಮತ್ತೆ ಜೀವ ಬಂದದ್ದು ವೈದ್ಯರೊಬ್ಬರ ಮೇಜಿನ ಮೇಲೆ. ಆರ್ಥರ್ ಹಿಲ್ ಹಾಸಲ್ ಎಂಬ ಲಂಡನ್ನಿನ ತರುಣ ವೈದ್ಯರು ಪೇಟೆಯ ಕಾಫಿಪುಡಿಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದರು. ಕಾಫಿಯಲ್ಲಿ ಚಿಕೋರಿ ಬೆರೆತಿದೆಯೇ ಎಂಬುದನ್ನು ರಸಾಯನಶಾಸ್ತ್ರದಿಂದಾಗಲಿ ಬೇರೆ ಉಪಾಯದಿಂದಾಗಲಿ ಪತ್ತೆಹಚ್ಚಲಾಗದೆಂದು, ರಸಾಯನಜ್ಞರ ಮಾತನ್ನು ನಂಬಿ, ಆಗಿನ ಹಣಕಾಸು ಸಚಿವ ಸರ್ ಚಾರ್ಲ್ಸ್ ವುಡ್ ಪಾರ್ಲಿಮೆಂಟಿನಲ್ಲಿ ಹೇಳಿದ್ದರು. ಕಾಫಿಬೀಜದ ಕಣ, ಚಿಕೋರಿ ಬೇರಿನ ಕಣ, ಗೋಧಿಯ ಪಿಷ್ಟ, ಹುರಿದ ಕಾಳಿನ ಪುಡಿ — ಪ್ರತಿಯೊಂದಕ್ಕೂ ಅದರದೇ ಆಕಾರವುಂಟೆಂದು ಹಾಸಲ್ ತೋರಿಸಿಕೊಟ್ಟರು. ಅಲ್ಲಿಯವರೆಗೆ ವ್ಯಾಪಾರಿಯೊಬ್ಬನಿಗೇ ಗೊತ್ತಿದ್ದ ಗುಟ್ಟು ಅಂದು ಮೂರನೆಯವನ ಕಣ್ಣಿಗೂ ಬಿತ್ತು.

‘ಲ್ಯಾನ್ಸೆಟ್’ ವೈದ್ಯಪತ್ರಿಕೆಯ ಸ್ಥಾಪಕ ಸಂಪಾದಕ ಥಾಮಸ್ ವಾಕ್ಲೆ ಇದರ ಮಹತ್ವವನ್ನು ಕೂಡಲೇ ಗ್ರಹಿಸಿದರು. ಅವರು ನೇಮಿಸಿದ ಪರೀಕ್ಷಣಾ ಮಂಡಳಿಯ ವರದಿಗಳು 1851ರ ಜನವರಿಯಿಂದ 1854ರವರೆಗೆ ಆ ಪತ್ರಿಕೆಯಲ್ಲಿ ಒಂದರ ಹಿಂದೊಂದು ಬಂದವು. ಅಂಗಡಿಗೆ ಹೋಗಿ ಸರಕು ಕೊಳ್ಳುವುದು, ಪೊಟ್ಟಣದ ಮೇಲೆ ದಿನಾಂಕ ಬರೆಯುವುದು, ಪರೀಕ್ಷಿಸುವುದು, ಫಲಿತಾಂಶದ ಜೊತೆಗೆ ಅಂಗಡಿಯವನ ಹೆಸರು ವಿಳಾಸ ಅಚ್ಚು ಹಾಕುವುದು — ಇದು ಅವರ ಕ್ರಮ. ಎರಡು ಸಾವಿರಕ್ಕೂ ಮೀರಿದ ಮಾದರಿಗಳು ಹೀಗೆ ಪರೀಕ್ಷೆಗೆ ಒಳಗಾದವು. ಪಟಿಕವಿಲ್ಲದ ಬ್ರೆಡ್ಡು ಲಂಡನ್ನಿನಲ್ಲಿ ಸಿಗುವುದೇ ದುರ್ಲಭವೆಂದು ತಿಳಿಯಿತು. ಮಕ್ಕಳ ಮಿಠಾಯಿಯ ಹಳದಿಗೆ ಸೀಸದ ಕ್ರೋಮೇಟ್, ಕೆಂಪಿಗೆ ಸಿಂಧೂರ ಮತ್ತು ಇಂಗಳೀಕ, ಹಸಿರಿಗೆ ತಾಮ್ರ ಮತ್ತು ಪಾಷಾಣ ಕೂಡಿದ ಬಣ್ಣ ಬಳಕೆಯಾಗುತ್ತಿದ್ದುದು ಹೊರಬಿತ್ತು. ಔಷಧಿಯ ಸ್ಥಿತಿಯೂ ಉತ್ತಮವಾಗಿರಲಿಲ್ಲ. ನೋವಿಗೆ ಕೊಡುವ ಅಫೀಮಿನಲ್ಲೂ ಬೆರಕೆಯಿತ್ತು. ವೈದ್ಯನು ಅಳೆದು ಬರೆದ ಪ್ರಮಾಣಕ್ಕೆ ರೋಗಿಯ ಬಾಯಿಗೆ ಬೀಳುವ ವಸ್ತುವಿನೊಡನೆ ಸಂಬಂಧವೇ ಉಳಿದಿರಲಿಲ್ಲ.

ಬರ್ಮಿಂಗ್‌ಹ್ಯಾಮಿನ ಶಸ್ತ್ರವೈದ್ಯ ಜಾನ್ ಪೋಸ್ಟ್‌ಗೇಟ್ ಇದನ್ನೇ ತಮ್ಮ ಬಾಳಿನ ಕೆಲಸವಾಗಿ ಹೊತ್ತುಕೊಂಡರು. ಸ್ವಂತ ಹಣ ಖರ್ಚುಮಾಡಿ ಮಾದರಿಗಳನ್ನು ಸಂಗ್ರಹಿಸಿ, ಪಾರ್ಲಿಮೆಂಟಿನ ಸದಸ್ಯರ ಬಾಗಿಲು ಬಾಗಿಲಿಗೆ ಹೋದರು. ಅವರ ಊರಿನ ಸದಸ್ಯ ವಿಲಿಯಂ ಸ್ಕೋಲ್‌ಫೀಲ್ಡ್ ಅಧ್ಯಕ್ಷತೆಯಲ್ಲಿ 1855ರಲ್ಲಿ ಆಯ್ಕೆ ಸಮಿತಿಯೊಂದು ಕೂತು ಮರುವರ್ಷದವರೆಗೆ ಸಾಕ್ಷ್ಯ ಕೇಳಿತು. ಅದರ ಮುಂದೆ ಬಂದ ವಾದಗಳು ಎರಡು ಬಗೆ. ವ್ಯಾಪಾರದಲ್ಲಿ ಸರ್ಕಾರ ಕೈ ಹಾಕಬಾರದು, ಕೊಳ್ಳುವವನು ತನ್ನ ಎಚ್ಚರದಲ್ಲಿ ತಾನಿರಬೇಕೆಂಬುದು ಒಂದು. ಕಣ್ಣಿಗೆ ಕಾಣದ ವಿಷದ ಬಗ್ಗೆ ಬಡವನು ಹೇಗೆ ಎಚ್ಚರದಲ್ಲಿದ್ದಾನೆಂಬುದು ಇನ್ನೊಂದು. ಸಮಿತಿಯ ವರದಿ ಬಂತು, ಮಸೂದೆಗಳು ಬಂದವು, ಬಿದ್ದವು. ಬ್ರಾಡ್‌ಫರ್ಡಿನ ಗೋರಿಗಳ ಮೇಲೆ ಮಣ್ಣು ಬಿದ್ದ ಮೇಲೆ ಮಾತ್ರ ಪಾರ್ಲಿಮೆಂಟು ಅಲುಗಿತು.

ಒಂದೇ ವರ್ಷ, ಎರಡು ಶಾಸನ

1860ರ ಆಗಸ್ಟಿನಲ್ಲಿ ಇಂಗ್ಲೆಂಡಿನ ಮೊದಲ ಸಾಮಾನ್ಯ ಕಲಬೆರಕೆ ಕಾಯಿದೆ ಜಾರಿಗೆ ಬಂದಿತು. ಅದೇ ವರ್ಷದ ಅಕ್ಟೋಬರ್ 6ರಂದು ಕಲ್ಕತ್ತೆಯಲ್ಲಿ ಭಾರತ ದಂಡ ಸಂಹಿತೆಗೆ ಅಂಕಿತ ಬಿತ್ತು. ಒಂದೇ ಸಾಮ್ರಾಜ್ಯದ ಎರಡು ದಡಗಳಲ್ಲಿ, ಎರಡು ತಿಂಗಳ ಅಂತರದಲ್ಲಿ, ವಿಷಾಹಾರ ಮಾರುವವನ ಮೇಲೆ ಕಾನೂನು ಕೈಯೆತ್ತಿತು.

ಇಂಗ್ಲೆಂಡಿನ ಕಾಯಿದೆ ದುರ್ಬಲವಾಗಿತ್ತು. ಹಾನಿಕರ ವಸ್ತು ಬೆರೆತಿದೆಯೆಂದು ತಿಳಿದೂ ಮಾರಿದವನಿಗೆ 5 ಪೌಂಡಿನವರೆಗೆ ದಂಡ. ಮತ್ತೆ ಸಿಕ್ಕಿಬಿದ್ದರೆ ಅವನದೇ ಖರ್ಚಿನಲ್ಲಿ ಅವನ ಹೆಸರು, ಊರು, ಅಪರಾಧವನ್ನು ಪತ್ರಿಕೆಯಲ್ಲಿ ಪ್ರಕಟಿಸಬಹುದು. ಊರಾಡಳಿತಗಳು ಇಷ್ಟವಿದ್ದರೆ ಪರೀಕ್ಷಕರನ್ನು ನೇಮಿಸಬಹುದು. ಬೆರಳೆಣಿಕೆಯ ಊರುಗಳು ಮಾತ್ರ ನೇಮಿಸಿದವು. ಔಷಧಿಯನ್ನು ಈ ಕಾಯಿದೆ ಮುಟ್ಟಲೇ ಇಲ್ಲ.

ಭಾರತದ ಸಂಹಿತೆಗೆ ದೀರ್ಘ ಚರಿತ್ರೆಯಿತ್ತು. 1834ರಲ್ಲಿ ಸ್ಥಾಪಿತವಾದ ಕಾನೂನು ಆಯೋಗದ ಅಧ್ಯಕ್ಷ ಥಾಮಸ್ ಬ್ಯಾಬಿಂಗ್ಟನ್ ಮೆಕಾಲೆ ಅದರ ಕರಡನ್ನು 1837ರಲ್ಲಿ ಒಪ್ಪಿಸಿದ್ದರು. ಬಳಿಕ ಅದು ಇಪ್ಪತ್ತಕ್ಕೂ ಹೆಚ್ಚು ವರ್ಷ ಕಡತಗಳಲ್ಲಿ ಮಲಗಿತ್ತು. ಬಾರ್ನ್ಸ್ ಪೀಕಾಕ್ ಅದನ್ನು ತಿದ್ದಿ ಸಿದ್ಧಪಡಿಸುವಲ್ಲಿ ಮುಖ್ಯ ಪಾತ್ರ ವಹಿಸಿದರು. ಅದು ಶಾಸನವಾದುದನ್ನು ನೋಡಲು ಮೆಕಾಲೆ ಉಳಿದಿರಲಿಲ್ಲ. 1859ರ ಡಿಸೆಂಬರಿನಲ್ಲಿ ತೀರಿಕೊಂಡಿದ್ದರು. 1862ರ ಜನವರಿ 1ರಂದು ಸಂಹಿತೆ ಜಾರಿಗೆ ಬಂದಿತು.

ಸಾರ್ವಜನಿಕರ ಆರೋಗ್ಯಕ್ಕೆ ಧಕ್ಕೆ ತರುವ ಅಪರಾಧಗಳು ಆ ಸಂಹಿತೆಯ 14ನೆಯ ಅಧ್ಯಾಯದಲ್ಲಿವೆ. ಮಾರುವ ಉದ್ದೇಶದಿಂದ, ಇಲ್ಲವೇ ಮಾರಾಟವಾದೀತೆಂಬ ಅರಿವಿನಿಂದ, ಆಹಾರಕ್ಕೆ ಬೆರಕೆ ಮಾಡಿ ಅದನ್ನು ಹಾನಿಕರವಾಗಿಸುವುದು 272ನೆಯ ಕಲಮಿನ ಅಪರಾಧ. ಹಾನಿಕರವಾದ ಇಲ್ಲವೇ ತಿನ್ನಲು ಯೋಗ್ಯವಲ್ಲದ ಪದಾರ್ಥವನ್ನು, ಅದು ಹಾಗಿದೆಯೆಂದು ತಿಳಿದೂ ಅಥವಾ ಹಾಗೆ ನಂಬಲು ಕಾರಣವಿದ್ದೂ, ಆಹಾರವೆಂದು ಮಾರುವುದು 273ರ ಅಪರಾಧ. ಗುಣ ತಗ್ಗುವಂತೆ, ಪರಿಣಾಮ ಬದಲಾಗುವಂತೆ ಇಲ್ಲವೇ ಹಾನಿಕರವಾಗುವಂತೆ ಔಷಧಿಗೆ ಬೆರಕೆ ಮಾಡುವುದು 274ರದು. ಅಂಥ ಔಷಧಿಯನ್ನು ತಿಳಿದೂ ಮಾರುವುದು, ಔಷಧಾಲಯದಿಂದ ಕೊಡುವುದು 275ರದು. ಒಂದು ಔಷಧಿಯನ್ನು ಇನ್ನೊಂದೆಂದು ತಿಳಿದೂ ಮಾರುವುದು 276ರದು. ಐದಕ್ಕೂ ಶಿಕ್ಷೆ ಆರು ತಿಂಗಳವರೆಗೆ ಸೆರೆ, ಇಲ್ಲವೇ ಒಂದು ಸಾವಿರ ರೂಪಾಯಿಯವರೆಗೆ ಜುಲ್ಮಾನೆ, ಇಲ್ಲವೇ ಎರಡೂ. ಇಂಗ್ಲೆಂಡಿನ ಕಲಬೆರಕೆ ಕಾಯಿದೆ ಔಷಧಿಗೆ ವಿಸ್ತರಿಸಿದ್ದು 1868ರಲ್ಲಿ. ಭಾರತದ ಸಂಹಿತೆ ಅದಕ್ಕೆ 8 ವರ್ಷ ಮೊದಲೇ ಔಷಧಿಯ ಬೆರಕೆಯನ್ನು ಅಪರಾಧವೆಂದಿತ್ತು.

ಕಲ್ಯಾಣದ ನ್ಯಾಯ

ಈ ನೆಲಕ್ಕೆ ಅಂಥ ವಿಧಿ ಹೊಸದಾಗಿರಲಿಲ್ಲ. ಯಾಜ್ಞವಲ್ಕ್ಯ ಸ್ಮೃತಿ ಔಷಧಿ, ಎಣ್ಣೆ ತುಪ್ಪ, ಉಪ್ಪು, ಸುಗಂಧ, ಧಾನ್ಯ, ಬೆಲ್ಲ ಮೊದಲಾದ ಸರಕುಗಳಿಗೆ ಕೀಳು ವಸ್ತು ಬೆರೆಸುವ ವ್ಯಾಪಾರಿಗೆ 16 ಪಣಗಳ ದಂಡ ಹೇಳುತ್ತದೆ. ನಿಷಿದ್ಧ ಮಾಂಸ ಮಾರುವವನಿಗೆ ಅಂಗಚ್ಛೇದದಂಥ ಉಗ್ರ ಶಿಕ್ಷೆ ವಿಧಿಸುತ್ತದೆ. ಸುಳ್ಳು ಚಿಕಿತ್ಸೆ ಮಾಡುವ ವೈದ್ಯನಿಗೂ ದಂಡವುಂಟು. ಆ ಸ್ಮೃತಿಗೆ ಭಾರತದ ಬಹುಭಾಗ ಮಾನ್ಯಮಾಡಿದ ವ್ಯಾಖ್ಯಾನ ಹುಟ್ಟಿದ್ದು ಕನ್ನಡ ನಾಡಿನಲ್ಲಿ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ, 1076ರಿಂದ 1126ರವರೆಗಿನ ಆ ವೈಭವದ ಕಾಲದಲ್ಲಿ, ವಿಜ್ಞಾನೇಶ್ವರರು ‘ಮಿತಾಕ್ಷರಾ’ ಬರೆದರು. ಬ್ರಿಟಿಷರ ನ್ಯಾಯಾಲಯಗಳು ಹಿಂದೂಗಳ ಆಸ್ತಿಯ ವ್ಯಾಜ್ಯಗಳಿಗೆ ಆ ಗ್ರಂಥವನ್ನು ಪ್ರಮಾಣವೆಂದು ಹಿಡಿದವು. ಅದರ ದಂಡನೀತಿಯನ್ನು ಮಾತ್ರ ಬದಿಗಿಟ್ಟವು.

ಇನ್ನೂ ಹಳೆಯ ಸಾಕ್ಷ್ಯವೊಂದು ಮೈಸೂರಿನ ಓಲೆಗರಿಯಲ್ಲಿ ಅಡಗಿತ್ತು. ರುದ್ರಪಟ್ಟಣದ ಶಾಮಶಾಸ್ತ್ರಿಗಳು 1905ರಲ್ಲಿ ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ ಕೌಟಿಲ್ಯನ ಅರ್ಥಶಾಸ್ತ್ರದ ಹಸ್ತಪ್ರತಿಯನ್ನು ಗುರುತಿಸಿ 1909ರಲ್ಲಿ ಅಚ್ಚು ಮಾಡಿಸಿದರು. ಸಮಾಜದ ಮುಳ್ಳುಗಳನ್ನು ಕೀಳುವ ‘ಕಂಟಕಶೋಧನ’ ಅಧಿಕರಣದಲ್ಲಿ ವ್ಯಾಪಾರಿಗಳ ಮೇಲಿನ ಕಾವಲಿನ ವಿಷಯ ಬರುತ್ತದೆ. ಧಾನ್ಯ, ಎಣ್ಣೆ, ಉಪ್ಪು, ಸುಗಂಧ, ಔಷಧಿಗಳಿಗೆ ಅದೇ ಬಣ್ಣದ ಬೇರೆ ವಸ್ತು ಸೇರಿಸಿದರೆ 12 ಪಣ ದಂಡವೆಂದು ಅಲ್ಲಿದೆ. ಆ ಹಳೆಯ ವಿಧಿ ಕೃತ್ಯವನ್ನು ನೋಡಿ ದಂಡ ಗೊತ್ತುಮಾಡುತ್ತಿತ್ತು. ಸರಕಿನಲ್ಲಿ ಬೆರಕೆಯಿದ್ದರೆ ಅದನ್ನು ಬೆರೆಸಿದವನು ಉತ್ತರ ಹೇಳಬೇಕಿತ್ತು.

ಮನಸ್ಸಿನ ಸಾಕ್ಷ್ಯ ಸಿಗದ ಕಷ್ಟ

ಹೊಸ ಸಂಹಿತೆ ಮನಸ್ಸನ್ನು ಕೇಳಿತು. ಅಪರಾಧಿಯ ಅರಿವು ಸಾಬೀತಾಗದೆ ಶಿಕ್ಷೆಯಿಲ್ಲವೆಂಬುದು ನಾಗರಿಕ ನ್ಯಾಯದ ದೊಡ್ಡ ಗಳಿಕೆ. ಅದನ್ನು ಹಗುರವಾಗಿ ಕಾಣುವಂತಿಲ್ಲ. ಆದರೆ ಅಂಗಡಿಯ ಕಟ್ಟೆಯ ಮೇಲೆ ಆ ತತ್ತ್ವ ಬೇರೆ ಫಲ ಕೊಟ್ಟಿತು. ಚಿಲ್ಲರೆ ವ್ಯಾಪಾರಿ ಸಗಟು ಮಂಡಿಯತ್ತ ಕೈ ತೋರಿಸಿದ. ಮಂಡಿಯವನು ತಯಾರಕನತ್ತ ತೋರಿಸಿದ. ತಯಾರಕನು ತನಗೆ ಕಚ್ಚಾಮಾಲು ಕೊಟ್ಟವನತ್ತ ತೋರಿಸಿದ. ಎಲ್ಲರ ಬಾಯಲ್ಲೂ ‘ನನಗೆ ಗೊತ್ತಿರಲಿಲ್ಲ’ ಎಂಬ ಒಂದೇ ಮಾತು. ಆ ಮಾತು ಸುಳ್ಳೆಂದು ಸಾಧಿಸುವ ಭಾರ ಸರ್ಕಾರದ ಮೇಲೆ. ಬ್ರಾಡ್‌ಫರ್ಡಿನಲ್ಲಿ ನಡೆದದ್ದೂ ಅದೇ.

ಇನ್ನೊಂದು ಕಷ್ಟವೂ ಇತ್ತು. ಆಹಾರ ಹಾನಿಕರವಾಗಿದ್ದರೆ ಮಾತ್ರ ಸಂಹಿತೆಯ ಕಲಮು ತಾಗುತ್ತಿತ್ತು. ಹಾಲಿಗೆ ಶುದ್ಧ ನೀರು ಬೆರೆಸಿದರೆ ಅದು ವಿಷವಲ್ಲ. ತುಪ್ಪಕ್ಕೆ ಅಗ್ಗದ ಎಣ್ಣೆ ಬೆರೆಸಿದರೂ ವಿಷವಲ್ಲ. ಆದರೆ ತಾಯಿಯ ಹಾಲಿಲ್ಲದ ಕೂಸಿಗೆ ನೀರುಹಾಲು ಎಷ್ಟು ದಿನ ಆಧಾರವಾದೀತು? ಮಲೇರಿಯಾದಲ್ಲಿ ನಡುಗುವವನಿಗೆ ಸತ್ತ್ವವಿಲ್ಲದ ಕ್ವಿನೈನ್ ಕೊಟ್ಟರೆ ಅವನು ಸಾಯುವುದು ಜ್ವರದಿಂದಲೋ ಔಷಧಿಯಿಂದಲೋ ಎಂದು ಯಾರು ಹೇಳಬಲ್ಲರು? ಬಡವನ ದೇಹವನ್ನು ದಿನದಿನವೂ ಸವೆಸುವ ಇಂಥ ಮೋಸಕ್ಕೆ 273ನೆಯ ಕಲಮಿನಲ್ಲಿ ಉತ್ತರವಿರಲಿಲ್ಲ. ಆಹಾರದ ವಿಷಯದಲ್ಲಿ ‘ನಂಬಲು ಕಾರಣವಿದ್ದೂ’ ಎಂಬ ಮಾತಾದರೂ ಇತ್ತು. ಔಷಧಿ ಮಾರುವವನ ವಿಷಯದಲ್ಲಿ 275 ಮತ್ತು 276 ಪೂರ್ಣ ಅರಿವನ್ನೇ ಕೇಳುತ್ತಿದ್ದವು. ಯಾವುದು ಹೆಚ್ಚು ಅಪಾಯಕರವೋ ಅಲ್ಲಿ ತಪ್ಪಿಸಿಕೊಳ್ಳುವ ದಾರಿ ಹೆಚ್ಚು ಅಗಲವಾಗಿತ್ತು.

ಹೊಣೆ ಅಂಗಡಿಗೆ ಬಂದ ದಿನ

ಇಂಗ್ಲೆಂಡು ಈ ಗಂಟನ್ನು ಬಿಡಿಸಿದ ರೀತಿ ನಿಜವಾಗಿ ಮೆಚ್ಚುವಂಥದು. 1872ರ ಕಾಯಿದೆ ಔಷಧಿಯನ್ನೂ ಸೇರಿಸಿಕೊಂಡು ಶಿಕ್ಷೆಯನ್ನು ಬಿಗಿಗೊಳಿಸಿತು. 1874ರಲ್ಲಿ ಮತ್ತೊಂದು ಆಯ್ಕೆ ಸಮಿತಿ ಕೂತಿತು. ಅದೇ ವರ್ಷ ಸಾರ್ವಜನಿಕ ಪರೀಕ್ಷಕರು ತಮ್ಮ ಸಂಘ ಕಟ್ಟಿಕೊಂಡರು. 1875ರಲ್ಲಿ ಆಹಾರ ಮತ್ತು ಔಷಧಿ ಮಾರಾಟ ಕಾಯಿದೆ ಬಂದಿತು.

ಆ ಕಾಯಿದೆ ಅಪರಾಧವನ್ನು ಎರಡು ಮೆಟ್ಟಿಲಾಗಿ ಒಡೆಯಿತು. ಆರೋಗ್ಯಕ್ಕೆ ಹಾನಿಕರವಾದುದನ್ನು ಆಹಾರಕ್ಕೋ ಔಷಧಿಗೋ ಬೆರೆಸಿ ಮಾರುವುದು ಮೇಲಿನ ಮೆಟ್ಟಿಲು. ಅದಕ್ಕೆ 50 ಪೌಂಡಿನವರೆಗೆ ದಂಡ. ಎರಡನೆಯ ಸಲ ಸಿಕ್ಕಿದರೆ ಆರು ತಿಂಗಳವರೆಗೆ ಕಠಿಣ ಸಜೆ. ತನಗೆ ಗೊತ್ತಿರಲಿಲ್ಲ, ತಕ್ಕಷ್ಟು ಎಚ್ಚರ ವಹಿಸಿದ್ದರೂ ಗೊತ್ತಾಗುತ್ತಿರಲಿಲ್ಲ ಎಂದು ಆರೋಪಿ ರುಜುವಾತುಪಡಿಸಿದರೆ ಬಿಡುಗಡೆ. ಇಲ್ಲಿ ಭಾರ ತಿರುಗಿತು. ತಿಳಿದಿತ್ತೆಂದು ಸರ್ಕಾರ ತೋರಿಸಬೇಕಿಲ್ಲ, ತಿಳಿದಿರಲಿಲ್ಲವೆಂದು ಮಾರಿದವನೇ ತೋರಿಸಬೇಕು. ಕೆಳಗಿನ ಮೆಟ್ಟಿಲು 6ನೆಯ ಕಲಮು. ಕೊಳ್ಳುವವನು ಕೇಳಿದ ಸ್ವರೂಪ, ಸತ್ತ್ವ, ಗುಣಗಳಿಲ್ಲದ ವಸ್ತುವನ್ನು ಅವನಿಗೆ ನಷ್ಟವಾಗುವಂತೆ ಮಾರಿದರೆ 20 ಪೌಂಡಿನವರೆಗೆ ದಂಡ. ಇಲ್ಲಿ ಮಾರಿದವನ ಅರಿವಿನ ಮಾತೇ ಇಲ್ಲ. ತಾನು ಕೊಂಡವನಿಂದ ಲಿಖಿತ ಖಾತರಿ ಪಡೆದು, ಸರಕನ್ನು ಇದ್ದಂತೆಯೇ ಮಾರಿದವನಿಗೆ ಮಾತ್ರ ರಕ್ಷಣೆ. 1888ರಲ್ಲಿ ಬೆಟ್ಸ್ ಮತ್ತು ಆರ್ಮ್‌ಸ್ಟೆಡ್ ನಡುವಣ ಮೊಕದ್ದಮೆಯಲ್ಲಿ ನ್ಯಾಯಾಲಯ ಇದನ್ನು ಸ್ಪಷ್ಟಪಡಿಸಿತು: 6ನೆಯ ಕಲಮಿನ ಅಪರಾಧಕ್ಕೆ ಬೆರಕೆಯ ಅರಿವು ಬೇಕಾಗಿಲ್ಲ.

ಈ ಕಾಯಿದೆ ಬಿದ್ದುಹೋಗದೆ ನಿಂತದ್ದಕ್ಕೆ ಕಾರಣ ಅದರ ಹಿಂದಿದ್ದ ಪರೀಕ್ಷಕ. ಮಾದರಿ ಕೊಳ್ಳುವ ಅಧಿಕಾರಿ, ಅದನ್ನು ಭಾಗ ಮಾಡಿ ಮೊಹರು ಹಾಕುವ ಕ್ರಮ, ಪರೀಕ್ಷಕನ ಪ್ರಮಾಣಪತ್ರ, ವಿವಾದ ಬಂದರೆ ಸರ್ಕಾರಿ ಪ್ರಯೋಗಾಲಯದ ತೀರ್ಪು — ಇವು ಕೂಡಿದಾಗ ಕಾನೂನಿಗೆ ಕಣ್ಣು ಬಂತು. ಲ್ಯಾನ್ಸೆಟ್ಟಿನ ಖಾಸಗಿ ಸಾಹಸವಾಗಿ ಹಾಸಲ್ ಮಾಡಿದ್ದ ಕೆಲಸ ಈಗ ಊರೂರಿನ ಆಡಳಿತದ ನಿತ್ಯ ಕರ್ತವ್ಯವಾಯಿತು.

ಭಾರತ ನಡೆದ ದಾರಿ

ಭಾರತಕ್ಕೆ ಸಂಹಿತೆ ಸಿಕ್ಕಿತ್ತು, ಪರೀಕ್ಷಕ ಸಿಕ್ಕಿರಲಿಲ್ಲ. ದಂಡದ ಕಲಮುಗಳು ಪುಸ್ತಕದಲ್ಲಿದ್ದವು, ವಿಷ ಪೇಟೆಯಲ್ಲಿತ್ತು, ಎರಡರ ನಡುವೆ ಸೇತುವೆಯಿರಲಿಲ್ಲ. 1917ರಲ್ಲಿ ಕಲ್ಕತ್ತೆಯ ತುಪ್ಪದಲ್ಲಿ ಪ್ರಾಣಿಗಳ ಕೊಬ್ಬು ಬೆರೆತಿದೆಯೆಂಬ ಸಂಗತಿ ಹೊರಬಿದ್ದಾಗ ನಗರ ತಲ್ಲಣಿಸಿತು. ತಿಳಿಯದೆ ಅದನ್ನು ತಿಂದೆವೆಂದು ನೊಂದ ಸಾವಿರಾರು ಬ್ರಾಹ್ಮಣರು ಹೂಗ್ಲಿಯ ದಡದಲ್ಲಿ ಪ್ರಾಯಶ್ಚಿತ್ತಕ್ಕೆ ಕೂತರು. ಬಂಗಾಳ 1919ರಲ್ಲಿ ಪ್ರತ್ಯೇಕ ಆಹಾರ ಕಲಬೆರಕೆ ಕಾಯಿದೆ ಮಾಡಿಕೊಂಡಿತು. ಅದಕ್ಕೂ ಒಂದು ವರ್ಷ ಮೊದಲು ಮದರಾಸು, 1925ರಲ್ಲಿ ಬೊಂಬಾಯಿ ಪ್ರಾಂತಗಳು ತಮ್ಮತಮ್ಮ ಕಾಯಿದೆ ತಂದವು. ಹೀಗೆ ಒಂದೇ ಕನ್ನಡ ನಾಡಿನಲ್ಲಿ ಮಂಗಳೂರು, ಬಳ್ಳಾರಿಗಳಿಗೆ ಮದರಾಸಿನ ಕಾಯಿದೆ, ಧಾರವಾಡ, ಬೆಳಗಾವಿಗಳಿಗೆ ಬೊಂಬಾಯಿಯದು. ಗಡಿ ದಾಟಿದರೆ ವ್ಯಾಪಾರಿಗೂ ಬೇರೆ ನಿಯಮ, ಉಣ್ಣುವವನಿಗೂ ಬೇರೆ ರಕ್ಷಣೆ.

ಔಷಧಿಯ ಸ್ಥಿತಿ ಇನ್ನೂ ಕಳವಳಕಾರಿಯಾಗಿತ್ತು. ಪರದೇಶಗಳ ಕಳಪೆ ಮತ್ತು ನಕಲಿ ಔಷಧಿ ತಡೆಯಿಲ್ಲದೆ ನಮ್ಮ ಪೇಟೆಗೆ ಬಂದು ಬೀಳುತ್ತಿತ್ತು. ಕ್ವಿನೈನಿಗೂ ಅದೇ ಗತಿ. 1930ರಲ್ಲಿ ಕರ್ನಲ್ ರಾಮನಾಥ ಚೋಪ್ರಾ ಅವರ ಅಧ್ಯಕ್ಷತೆಯಲ್ಲಿ ಔಷಧಿ ವಿಚಾರಣಾ ಸಮಿತಿ ನೇಮಕವಾಯಿತು. ಮರುವರ್ಷ ಅದು ಕೊಟ್ಟ ವರದಿ ದೇಶಕ್ಕೆಲ್ಲ ಒಂದೇ ಕಾನೂನು, ಒಂದೇ ಪರೀಕ್ಷಾ ವ್ಯವಸ್ಥೆ ಬೇಕೆಂದಿತು. ಅದರ ಫಲವಾಗಿ 1940ರಲ್ಲಿ ಔಷಧಿ ಕಾಯಿದೆ ಬಂದಿತು. ಸ್ವಾತಂತ್ರ್ಯದ ಬಳಿಕ 1954ರಲ್ಲಿ ಇಡೀ ದೇಶಕ್ಕೆ ಅನ್ವಯಿಸುವ ಆಹಾರ ಕಲಬೆರಕೆ ತಡೆ ಕಾಯಿದೆ ರೂಪುಗೊಂಡು ಮರುವರ್ಷದ ಜೂನ್ 1ರಂದು ಜಾರಿಯಾಯಿತು.

ಈ ಎರಡು ಕಾಯಿದೆಗಳ 19ನೆಯ ಕಲಮುಗಳನ್ನು ಅಕ್ಕಪಕ್ಕ ಇಟ್ಟು ಓದಬೇಕು. ಸರಕಿನ ಸ್ವರೂಪ ತನಗೆ ತಿಳಿದಿರಲಿಲ್ಲವೆಂಬುದಷ್ಟೇ ಮಾರಿದವನಿಗೆ ರಕ್ಷಣೆಯಾಗದೆಂದು ಎರಡೂ ಹೇಳಿದವು. ಪರವಾನಗಿ ಇದ್ದವನಿಂದ ಕೊಂಡೆ, ಸರಿಯಾಗಿ ಕಾಪಿಟ್ಟೆ, ಕೊಂಡ ಸ್ಥಿತಿಯಲ್ಲೇ ಮಾರಿದೆ ಎಂದು ತೋರಿಸಿದವನಿಗೆ ಮಾತ್ರ ದಾರಿ ಬಿಟ್ಟವು. ಯಾರ್ಕಿನ ನ್ಯಾಯಸ್ಥಾನದಲ್ಲಿ ಉತ್ತರ ಸಿಗದೆ ಉಳಿದಿದ್ದ ಪ್ರಶ್ನೆಗೆ ಭಾರತ ಕೊಟ್ಟ ಉತ್ತರ ಇದು.

ಕಾನೂನು ಇದ್ದ ಮಾತ್ರಕ್ಕೆ ಸಾವು ನಿಲ್ಲಲಿಲ್ಲ. 1986ರಲ್ಲಿ ಬೊಂಬಾಯಿಯ ಜೆ.ಜೆ. ಆಸ್ಪತ್ರೆಯಲ್ಲಿ, ಡೈಎಥಿಲೀನ್ ಗ್ಲೈಕಾಲ್ ಬೆರೆತ ಗ್ಲಿಸರಿನ್ ಕುಡಿಸಿದ ಪರಿಣಾಮವಾಗಿ 14 ರೋಗಿಗಳು ಸತ್ತರು. ನ್ಯಾಯಮೂರ್ತಿ ಬಖ್ತಾವರ್ ಲೆಂಟಿನ್ ಅವರ ವಿಚಾರಣಾ ಆಯೋಗ, ಅಂಥ ಔಷಧಿ ಆಸ್ಪತ್ರೆಯ ಒಳಗೆ ಬರಲು ಬಿಟ್ಟವರ ಲೋಪಗಳನ್ನು ಒಂದೊಂದಾಗಿ ತೆರೆದಿಟ್ಟಿತು. ಮುಂದೆ ಶಿಕ್ಷೆಗಳು ಕಠಿಣವಾದವು. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯಿದೆ, ಅಸುರಕ್ಷಿತ ಆಹಾರದಿಂದ ಸಾವು ಸಂಭವಿಸಿದರೆ ಏಳು ವರ್ಷಕ್ಕೆ ಕಡಿಮೆಯಿಲ್ಲದೆ ಜೀವಾವಧಿಯವರೆಗೆ ಸೆರೆ, 10 ಲಕ್ಷ ರೂಪಾಯಿಗೆ ಕಡಿಮೆಯಿಲ್ಲದ ದಂಡ ಎಂದಿತು. 2008ರ ತಿದ್ದುಪಡಿ, ಪ್ರಾಣ ತೆಗೆದ ಬೆರಕೆ ಔಷಧಿಗೆ ಹತ್ತು ವರ್ಷದಿಂದ ಜೀವಾವಧಿಯವರೆಗೆ ಸಜೆ ಗೊತ್ತುಮಾಡಿತು. ಆರು ತಿಂಗಳ ಸೆರೆ ಹೇಳಿದ್ದ ಹಳೆಯ ಕಲಮುಗಳು 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 274ರಿಂದ 278ರವರೆಗಿನ ಕಲಮುಗಳಾಗಿ ಮುಂದುವರಿದಿವೆ. ಜುಲ್ಮಾನೆಯ ಮಿತಿ 5,000 ರೂಪಾಯಿಗೆ ಏರಿದೆ. ಔಷಧಿಗೆ ಬೆರಕೆ ಮಾಡಿದವನ ಸೆರೆ ಒಂದು ವರ್ಷದವರೆಗೆ ಹೋಗಬಹುದು. ಅದೇ ವರ್ಷದ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್, ಅಸುರಕ್ಷಿತ ಆಹಾರದ ವಿಷಯದಲ್ಲಿ ಹಳೆಯ 272, 273ನೆಯ ಕಲಮುಗಳಿಗಿಂತ 2006ರ ವಿಶೇಷ ಕಾಯಿದೆಯೇ ಮೇಲೆಂದು ತೀರ್ಪು ನೀಡಿತು.

ಎರಡು ಮೆಟ್ಟಿಲುಗಳೂ ಬೇಕು

ಈ ಚರಿತ್ರೆ ಕಲಿಸುವ ಪಾಠ ಒಂದಿದೆ. ಅದನ್ನು ನೇರವಾಗಿ ಹೇಳಬೇಕು. ತಿಳಿದೂ ವಿಷ ಮಾರಿದವನನ್ನು ಕಾನೂನು ಬೇರೆಯಾಗಿ ಗುರುತಿಸಲೇಬೇಕು. ಲಾಭಕ್ಕಾಗಿ ಇನ್ನೊಬ್ಬನ ಮಗುವಿನ ಪ್ರಾಣವನ್ನು ತೂಗಿ ಕೊಟ್ಟವನೂ ಎಚ್ಚರ ತಪ್ಪಿದವನೂ ಒಂದೇ ಆಗಲಾರರು. ಅವರನ್ನು ಒಂದೇ ದಂಡದಿಂದ ಅಳೆದರೆ ನ್ಯಾಯ ಉಳಿಯುವುದಿಲ್ಲ. ಆದರೆ ತಿಳಿದವನನ್ನು ಮಾತ್ರ ದಂಡಿಸುತ್ತೇನೆಂದು ಹೊರಟ ಕಾನೂನು, ತಿಳಿಯದಿರುವುದನ್ನೇ ವ್ಯಾಪಾರಿಗೆ ಲಾಭದ ಮಾರ್ಗವಾಗಿ ಮಾಡಿಕೊಡುತ್ತದೆ. ಪೀಪಾಯಿಯ ಮೇಲೆ ಹೆಸರು ಬರೆಯದವನು, ಖಾತರಿ ಕೇಳದೆ ಕೊಂಡವನು, ಬಣ್ಣ ಬೇರೆಯಾದದ್ದನ್ನು ಕಂಡೂ ದರ ಇಳಿಸಿಕೊಂಡು ಸುಮ್ಮನಾದವನು — ಇವರೆಲ್ಲ ತಿಳಿಯದೆ ಉಳಿದರು, ಸತ್ತವರು ಸತ್ತರು.

ಆದ್ದರಿಂದ ಅನ್ನ ಮತ್ತು ಔಷಧಿ ಮಾರುವವನಿಗೆ ತಿಳಿದುಕೊಳ್ಳುವುದೇ ಮೊದಲ ಕರ್ತವ್ಯ. ತನ್ನ ಸರಕು ಏನು, ಎಲ್ಲಿಂದ ಬಂತು, ಹೇಗೆ ಉಳಿದಿದೆ ಎಂಬುದನ್ನು ಅರಿಯದವನಿಗೆ ಇನ್ನೊಬ್ಬರ ಬಾಯಿಗೆ ಏನನ್ನೂ ಇಡುವ ಅಧಿಕಾರವಿಲ್ಲ. ಆ ಕರ್ತವ್ಯವನ್ನು ಮೀರಿದವನಿಗೆ ಕೆಳಗಿನ ಮೆಟ್ಟಿಲಿನ ಶಿಕ್ಷೆ. ಅರಿತೂ ಮಾರಿದವನಿಗೆ ಮೇಲಿನ ಮೆಟ್ಟಿಲಿನದು. ಎರಡಕ್ಕೂ ಆಧಾರವಾಗಿ ಪ್ರತಿ ಜಿಲ್ಲೆಯಲ್ಲೂ ದಕ್ಷ ಪ್ರಯೋಗಾಲಯ, ಭಯವಿಲ್ಲದೆ ಮಾದರಿ ತೆಗೆಯುವ ಅಧಿಕಾರಿ, ತಡವಿಲ್ಲದೆ ತೀರ್ಪು ಕೊಡುವ ನ್ಯಾಯಾಲಯ ಇರಬೇಕು. ಇವಿಲ್ಲದೆ ಜೀವಾವಧಿ ಶಿಕ್ಷೆಯೂ ಕಾಗದದ ಮೇಲಿನ ಅಕ್ಷರವಷ್ಟೇ. ಆಕ್ಕಮ್, ಹಾಸಲ್, ಪೋಸ್ಟ್‌ಗೇಟ್, ಚೋಪ್ರಾ ತಮ್ಮ ಬಾಳಿನ ವರ್ಷಗಳನ್ನು ತೆತ್ತು ಸಾಧಿಸಿದ್ದು ಈ ಹೊಣೆಯನ್ನು ಉಣ್ಣುವವನ ತಲೆಯಿಂದ ಇಳಿಸಿ ಮಾರುವವನ ತಲೆಗೆ ಏರಿಸುವುದನ್ನು. ಅದನ್ನು ಮತ್ತೆ ಉಣ್ಣುವವನ ಮೇಲೆ ಜಾರಲು ಬಿಡದಿರುವುದು ನಮ್ಮ ಕಾಲದ ಕರ್ತವ್ಯ.